ತಪ್ಪು ಕಾಲಿನದಲ್ಲ, ಬೀದಿಯದು



ಕಳೆದ ತಿಂಗಳು ಹಾಸನದ ಹೊರವಲಯದ ಒಂದು ಬಡಾವಣೆಗೆ ಗೃಹಪ್ರವೇಶಕ್ಕೆಂದು ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕುಳಿತವನು ನನ್ನ ಹಳೆಯ ವಿದ್ಯಾರ್ಥಿ. ಈಗ ರಸ್ತೆ, ಚರಂಡಿಗಳ ಕೆಲಸ ಮಾಡಿಸುವ ಎಂಜಿನಿಯರ್. ಮಾತಿನ ನಡುವೆ ಅವನು ಹೇಳಿದ: “ಸಾರ್, ನಮ್ ಜನ ತುಂಬಾ ಸೋಮಾರಿಗಳಾಗ್ಬಿಟ್ರು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರೋಕೂ ಬೈಕ್ ಬೇಕು. ನಿಮ್ಮ ಕಾಲದಲ್ಲಿ ಹೀಗಿರ್ಲಿಲ್ಲ.” ಎದುರು ಸಾಲಿನಲ್ಲಿದ್ದವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ. ಹಿರಿಯರಿಗೆ ಇಂಥ ಮಾತು ಪಾಯಸಕ್ಕಿಂತ ಸಿಹಿಯಾಗಿರುತ್ತದೆ.

ಆದರೆ ಅಂದು ರಾತ್ರಿ ಯೋಚಿಸುತ್ತ ಮಲಗಿದಾಗ, ನಾನು ಒಪ್ಪಿಕೊಂಡದ್ದು ಸತ್ಯವಲ್ಲ ಎಂಬುದು ಸ್ಪಷ್ಟವಾಯಿತು. ನಮ್ಮ ಜನ ಸೋಮಾರಿಗಳಾದದ್ದರಿಂದ ನಡೆಯುವುದನ್ನು ಬಿಟ್ಟವರಲ್ಲ. ನಡೆಯಲಾಗದ ಬೀದಿಗಳನ್ನು ನಾವು ಕಟ್ಟಿದೆವು, ಆಮೇಲೆ ನಡೆಯದವರನ್ನು ಸೋಮಾರಿಗಳೆಂದು ಜರೆಯತೊಡಗಿದೆವು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ನಿಮ್ಮಲ್ಲಿ ಅನೇಕರು ಇಂದು ರಸ್ತೆ ಮಾಡಿಸುವವರು, ನಿವೇಶನ ಮಾರುವವರು, ಮನೆ ಕಟ್ಟುವವರು, ಪಂಚಾಯಿತಿಯಲ್ಲಿ ಕೂರುವವರು. ಆದ್ದರಿಂದ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ.

ಮೊದಲು ಹಾರನಹಳ್ಳಿಯ ಮಾತು. ಅರಸೀಕೆರೆಗೆ ಎಂಟು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಊರಿನಲ್ಲಿ ನಾವು ಬಾಲ್ಯದಲ್ಲಿ ದಿನಕ್ಕೆ ಎಷ್ಟು ಸಲ ನಡೆದೆವೆಂಬುದಕ್ಕೆ ಲೆಕ್ಕವಿಲ್ಲ. ಶಾಲೆಗೆ, ಹಿಟ್ಟಿನ ಗಿರಣಿಗೆ, ಕೆರೆಯ ಏರಿಗೆ, ಕೋಡಿಮಠಕ್ಕೆ, ಚೆನ್ನಕೇಶವ ದೇವಾಲಯಕ್ಕೆ, ಅಲ್ಲಿಂದ ಸೋಮೇಶ್ವರನ ಗುಡಿಗೆ. ಇದಕ್ಕೆ ನಮ್ಮ ಸದ್ಗುಣವೇ ಕಾರಣವೆಂದು ಹೇಳಿಕೊಂಡರೆ ಅದು ಆತ್ಮವಂಚನೆ. ನಮ್ಮ ಬಳಿ ವಾಹನವಿರಲಿಲ್ಲ, ಅದು ಮೊದಲ ಕಾರಣ. ಆದರೆ ಅದೊಂದೇ ಕಾರಣವಲ್ಲ. ವಾಹನ ಬಂದ ಮೇಲೂ ಬಹುಕಾಲ ಜನ ಊರೊಳಗೆ ನಡೆದೇ ಓಡಾಡಿದರು. ಏಕೆಂದರೆ ಬೀದಿ ಅದಕ್ಕೆ ತಕ್ಕಂತಿತ್ತು. ಮನೆಗಳು ಬೀದಿಗೆ ಮುಖಮಾಡಿದ್ದವು. ಪ್ರತಿ ಮನೆಗೂ ಒಂದು ಜಗುಲಿ, ಜಗುಲಿಯ ಮೇಲೆ ಒಬ್ಬರಾದರೂ ಅಜ್ಜಿ. ಮಗು ಬೀದಿಯಲ್ಲಿ ಹೋಗುತ್ತಿದ್ದರೆ ಹತ್ತು ಜೊತೆ ಕಣ್ಣುಗಳು ಅದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸುತ್ತಿದ್ದವು. ನಡುನಡುವೆ ಸಂದಿಗಳಿದ್ದವು. ಎತ್ತಿನ ಗಾಡಿ ನುಗ್ಗಲಾರದ, ಮನುಷ್ಯ ಮಾತ್ರ ಹೋಗಬಹುದಾದ ಈ ಸಂದಿಗಳಿಂದಾಗಿ ಗಾಡಿಯ ದಾರಿಗಿಂತ ಕಾಲ್ದಾರಿ ಯಾವಾಗಲೂ ಹತ್ತಿರವಾಗಿರುತ್ತಿತ್ತು. ನಡೆಯುವವನಿಗೆ ಬೀದಿಯೇ ಕೊಟ್ಟ ರಿಯಾಯಿತಿ ಅದು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಳೆಯ ಬೀದಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ನಮ್ಮ ಸೀಮೆಯ ಊರುಗಳಲ್ಲಿ ಕೇರಿಗಳು ಜಾತಿಯಿಂದ ಬೇರ್ಪಟ್ಟಿದ್ದವು. ಕೆಲವರು ಕೆಲವು ಬೀದಿಗಳಲ್ಲಿ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲ, ಕೆಲವರು ಅಲ್ಲಿಗೆ ಕಾಲಿಡುವಂತೆಯೇ ಇರಲಿಲ್ಲ. ಜಗುಲಿಯ ಕಣ್ಣುಗಳು ಮಗುವನ್ನು ಕಾಯುತ್ತಿದ್ದವು ಎಂದೆ. ಅವೇ ಕಣ್ಣುಗಳು ಕೆಲವು ಮಕ್ಕಳನ್ನು ತಡೆಯುತ್ತಲೂ ಇದ್ದವು. ಆ ಬೀದಿಯನ್ನು ಹಾಗೆಯೇ ಮರಳಿ ತನ್ನಿ ಎಂದು ನಾನು ಕೇಳುತ್ತಿಲ್ಲ. ಅದರ ಅಳತೆ ಒಳ್ಳೆಯದಿತ್ತು, ಅದರ ಮನಸ್ಸು ಒಳ್ಳೆಯದಿರಲಿಲ್ಲ. ನಾವು ಮನಸ್ಸನ್ನು ತಿದ್ದಿಕೊಂಡು ಅಳತೆಯನ್ನು ಉಳಿಸಿಕೊಳ್ಳಬೇಕಿತ್ತು. ಇಂದಿನ ಬಡಾವಣೆಗಳ ಕಾಂಪೌಂಡ್ ಗೋಡೆಗಳನ್ನು ನೋಡಿದರೆ, ಮನಸ್ಸನ್ನು ಹಾಗೆಯೇ ಇಟ್ಟುಕೊಂಡು ಅಳತೆಯನ್ನು ಮಾತ್ರ ಕೆಡಿಸಿಕೊಂಡಿದ್ದೇವೆ ಎನ್ನಿಸುತ್ತದೆ.

ಬೀದಿಯ ರಚನೆ ಮನುಷ್ಯನನ್ನು ನಡೆಸುತ್ತದೆ ಎಂಬುದು ಹೊಸ ವಿಚಾರವೇನಲ್ಲ. ಸುಮಾರು 1235ರಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಸಹೋದರರು ನಮ್ಮ ಊರಿನ ದೇವಾಲಯವನ್ನು ಕಟ್ಟಿಸಿದರು. ಹೊಯ್ಸಳ ಶಿಲ್ಪಿಗಳು ಗುಡಿಯನ್ನು ಜಗತಿಯ ಮೇಲೆ ನಿಲ್ಲಿಸಿ, ಗೋಡೆಯ ಸುತ್ತ ನಡೆಯಲು ಹದವಾದ ಅಗಲ ಬಿಟ್ಟರು. ಜಗತಿಯನ್ನು ಗುಡಿಯ ಮೂಲೆಗಳಿಗೆ ಹೊಂದಿಕೊಂಡು ತಿರುಗುವಂತೆ ಮಾಡಿದರು. ಕಣ್ಣಿಗೂ ಮೊಣಕಾಲಿಗೂ ನಡುವಿನ ಎತ್ತರದಲ್ಲಿ ಶಿಲ್ಪದ ಪಟ್ಟಿಕೆಗಳನ್ನು ಕೊರೆದರು. “ಪ್ರದಕ್ಷಿಣೆ ಮಾಡಿರಿ” ಎಂಬ ಫಲಕ ಅಲ್ಲಿ ಬೇಕಿಲ್ಲ. ಮೆಟ್ಟಿಲು ಹತ್ತಿದವನ ಕಾಲು ತಾನಾಗಿಯೇ ಎಡಕ್ಕೆ ತಿರುಗುತ್ತದೆ. ಇದೇ ಹೊಯ್ಸಳರ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ ಒಂದು ಗಂಟೆ ದಣಿವಿಲ್ಲದೆ ಸುತ್ತಿದ ಪ್ರವಾಸಿಗನೇ, ಅರ್ಧ ಕಿಲೋಮೀಟರಿನಷ್ಟು ದೂರದ ಬಸದಿಹಳ್ಳಿಯ ಜೈನ ಬಸದಿಗಳಿಗೆ ಹೋಗಲು ಕಾರು ಹತ್ತುತ್ತಾನೆ. ಜಗತಿಯ ಮೇಲೆ ಶ್ರಮಜೀವಿಯಾಗಿದ್ದವನು ರಸ್ತೆಗೆ ಇಳಿದ ಕೂಡಲೇ ಸೋಮಾರಿಯಾದನೇ? ಕಾಲು ಬದಲಾಗಲಿಲ್ಲ, ಕಾಲ ಕೆಳಗಿನ ದಾರಿ ಬದಲಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮಗೆಲ್ಲ ಹೆಮ್ಮೆಯೇ. ಆದರೆ ಆ ಪರಂಪರೆಯೊಳಗೆ ಅಡಗಿರುವ ಈ ಸರಳ ಪಾಠವನ್ನು ನಾವು ಕಲಿಯಲಿಲ್ಲ.

ಈಗ ಗೃಹಪ್ರವೇಶ ನಡೆದ ಬಡಾವಣೆಗೆ ಮರಳೋಣ. ನನ್ನ ಮಗಳ ಮನೆಯೂ ಅಲ್ಲಿಯೇ ಇದೆ. ಮೊಮ್ಮಗಳಿಗೆ ಹತ್ತು ವರ್ಷ. ಅವಳ ಮನೆಯ ಮಹಡಿಯ ಮೇಲೆ ನಿಂತರೆ ಶಾಲೆಯ ಗಂಟೆ ಕೇಳಿಸುತ್ತದೆ, ಧ್ವಜಸ್ತಂಭ ಕಾಣಿಸುತ್ತದೆ. ಆದರೆ ಅವಳು ಶಾಲೆಗೆ ಹೋಗುವುದು ವ್ಯಾನಿನಲ್ಲಿ. “ನಡೆದು ಹೋಗಬಾರದೇನಮ್ಮ?” ಎಂದೆ. “ನೀವೇ ಒಂದ್ಸಲ ನಡೆದು ನೋಡಿ ತಾತ” ಎಂದಳು. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸವಾಲಿಲ್ಲ. ಮಾರನೆಯ ದಿನ ಹೆಜ್ಜೆ ಎಣಿಸಿಕೊಂಡು ಹೊರಟೆ.

ನೇರ ದೂರ ಸುಮಾರು 300 ಮೀಟರು. ಮನುಷ್ಯ ನಿಮಿಷಕ್ಕೆ ಸುಮಾರು 80 ಮೀಟರು ನಡೆಯುತ್ತಾನೆ, ಆದ್ದರಿಂದ ನಾಲ್ಕು ನಿಮಿಷದ ದಾರಿ. ಆದರೆ ಅವಳ ಬಡಾವಣೆಗೂ ಶಾಲೆಯಿರುವ ಪಕ್ಕದ ಬಡಾವಣೆಗೂ ನಡುವೆ ಒಂದು ಗೋಡೆಯಿದೆ. ಎರಡನ್ನೂ ಬೇರೆ ಬೇರೆಯವರು ಮಾಡಿದ್ದು, ಒಬ್ಬರ ರಸ್ತೆ ಇನ್ನೊಬ್ಬರ ರಸ್ತೆಗೆ ಕೂಡುವುದಿಲ್ಲ. ಎರಡೂ ಗೋಡೆಗೆ ಬಂದು ನಿಲ್ಲುತ್ತವೆ. ಹೀಗಾಗಿ ಬಡಾವಣೆಯ ಏಕೈಕ ದ್ವಾರದಿಂದ ಹೊರಬಂದು, ಹೆದ್ದಾರಿಯ ಪಕ್ಕದಲ್ಲಿ ಸಾಗಿ, ಇನ್ನೊಂದು ಬಡಾವಣೆಯ ದ್ವಾರದಿಂದ ಒಳಹೊಕ್ಕು ಮತ್ತೆ ಹಿಂದಕ್ಕೆ ಬರಬೇಕು. ನನ್ನ ಲೆಕ್ಕಕ್ಕೆ ಸಿಕ್ಕಿದ್ದು 1,400 ಮೀಟರು. ಮುನ್ನೂರು ಮೀಟರಿನ ದೂರವನ್ನು ಒಂದು ಗೋಡೆ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು ಮಾಡಿತು. ನಾಲ್ಕು ನಿಮಿಷ ಹದಿನೇಳೂವರೆ ನಿಮಿಷವಾಯಿತು. ಅದರಲ್ಲಿ ಹೆದ್ದಾರಿಯ ಪಕ್ಕದ ಭಾಗಕ್ಕೆ ಫುಟ್‌ಪಾತ್ ಇಲ್ಲ, ಚರಂಡಿಯ ಚಪ್ಪಡಿಗಳು ಅರ್ಧ ಇವೆ, ಅರ್ಧ ಇಲ್ಲ. ಚರಂಡಿ ಬಿಟ್ಟು ಡಾಂಬರಿಗೆ ಇಳಿದರೆ ಬೆನ್ನ ಹಿಂದೆ ಲಾರಿ.

ಯಾವ ತಾಯಿ ಈ ದಾರಿಯಲ್ಲಿ ಮಗುವನ್ನು ನಡೆಸಿ ಕಳುಹಿಸುತ್ತಾಳೆ? ವ್ಯಾನಿಗೆ ಹಣ ಕಟ್ಟುವ ನನ್ನ ಮಗಳು ಸೋಮಾರಿಯಲ್ಲ, ಜಾಣೆ. ಅವಳ ಮುಂದೆ ಎರಡು ದಾರಿಗಳಿದ್ದು ಒಂದನ್ನು ಆರಿಸಿಕೊಂಡಳು ಎನ್ನುವುದೇ ತಪ್ಪು. ನಕ್ಷೆಯ ಮೇಲೆ ಗೋಡೆಯ ಗೆರೆ ಎಳೆದ ದಿನವೇ ಅವಳ ಪರವಾಗಿ ಬೇರೊಬ್ಬರು ಆರಿಸಿ ಆಗಿತ್ತು.

ಕೆಲವರು ಹೇಳುತ್ತಾರೆ: “ಮೇಷ್ಟ್ರೇ, ನಡೆಯುವ ಮನಸ್ಸುಳ್ಳವರು ಎಲ್ಲಿದ್ದರೂ ನಡೆಯುತ್ತಾರೆ.” ಇದು ಪೂರ್ತಿ ತಪ್ಪೂ ಅಲ್ಲ. ನಡೆಯಲು ಇಷ್ಟಪಡುವವರು ನಡೆಯಬಹುದಾದ ಬೀದಿಯನ್ನೇ ಹುಡುಕಿ ಮನೆ ಮಾಡುವುದುಂಟು, ವಿದ್ವಾಂಸರೂ ಈ ಬಗ್ಗೆ ವರ್ಷಗಟ್ಟಲೆ ಚರ್ಚಿಸಿದ್ದಾರೆ. ಆದರೆ ಚರ್ಚೆಯ ಕೊನೆಗೆ ಬೀದಿಯ ಪಾತ್ರ ಅಳಿಸಿಹೋಗಲಿಲ್ಲ. ರೀಡ್ ಯೂಯಿಂಗ್ ಮತ್ತು ರಾಬರ್ಟ್ ಸೆರ್ವೆರೊ ಎಂಬ ಅಮೆರಿಕದ ವಿದ್ವಾಂಸರು 2010ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಜನ ನಡೆಯುವುದಕ್ಕೂ ಮೂರು ಸಂಗತಿಗಳಿಗೂ ಹೆಚ್ಚು ನಂಟು ಕಂಡಿತು: ಮನೆ, ಅಂಗಡಿ, ಕಚೇರಿಗಳು ಬೆರೆತಿರುವುದು, ಬೀದಿಗಳು ಕೂಡುವ ಸ್ಥಳಗಳು ಹೆಚ್ಚಿರುವುದು, ನಡೆಯುವ ದೂರದಲ್ಲಿ ಹೋಗತಕ್ಕ ಜಾಗಗಳಿರುವುದು. ಒಂದೊಂದರ ಪರಿಣಾಮ ಚಿಕ್ಕದೇ, ಆದರೆ ಎಲ್ಲವೂ ಸೇರಿದರೆ ಸಣ್ಣದಲ್ಲ. ಹಾರನಹಳ್ಳಿಯ ಸಂದಿಗಳನ್ನು ನೆನೆಯಿರಿ. ಅಮೆರಿಕದ ವಿದ್ವಾಂಸರು ಲೆಕ್ಕ ಹಾಕಿ ಹೇಳಿದ್ದನ್ನು ನಮ್ಮ ಹಿಂದಿನವರು ಗೋಡೆಗೂ ಗೋಡೆಗೂ ನಡುವೆ ನಾಲ್ಕು ಅಡಿ ಬಿಟ್ಟು ಹೇಳಿದ್ದರು.

ಇನ್ನು ಕೆಲವರ ವಾದ: “ರಸ್ತೆ ಅಗಲ ಮಾಡಿದರೆ ಎಲ್ಲವೂ ಸರಿಹೋಗುತ್ತದೆ.” ಹೆದ್ದಾರಿ ಹಾದುಹೋಗುವ ಪ್ರತಿ ಊರಿನಲ್ಲೂ ಈ ಮಾತು ಕೇಳುತ್ತದೆ. ಅಗಲವಾದ ನೇರ ರಸ್ತೆಯಲ್ಲಿ ವಾಹನದ ವೇಗ ಏರುತ್ತದೆ. ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಗುದ್ದುವ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಒಂಬತ್ತನೆಯ ತರಗತಿಯಲ್ಲಿ ನಿಮಗೆ ಕಲಿಸಿದ್ದು ಇದೇ, ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂಕಕ್ಕಾಗಿ ಬರೆದು ಮರೆತಿರಾ? ವೇಗ ಏರಿದ ಬೀದಿಯನ್ನು ಮೊದಲು ಮಕ್ಕಳು ಬಿಡುತ್ತಾರೆ, ನಂತರ ಮುದುಕರು, ನಂತರ ಸೈಕಲ್ಲಿನವರು. ಬಿಟ್ಟವರೆಲ್ಲ ವಾಹನ ಹತ್ತುತ್ತಾರೆ. ಅಗಲ ಮಾಡಿದ ರಸ್ತೆ ಮತ್ತೆ ಇಕ್ಕಟ್ಟಾಗುತ್ತದೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬುವವರು ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದೇ ಬಗೆಯ ಮೂರು ಬೀದಿಗಳನ್ನು ಹೋಲಿಸಿದ್ದರು. ದಿನಕ್ಕೆ 2,000 ವಾಹನ ಹಾಯುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. 16,000 ವಾಹನ ಹಾಯುವ ಬೀದಿಯವರಿಗೆ ಒಬ್ಬರೂ ಪೂರ್ತಿ ಇರಲಿಲ್ಲ. ಜಗುಲಿ ಮಾಯವಾದದ್ದು ಟಿ.ವಿ.ಯಿಂದ ಎಂದು ನಾವು ದೂರುತ್ತೇವೆ. ಜಗುಲಿಯೆದುರು ಲಾರಿ ಹೊಗೆ ಬಿಟ್ಟು ಸಾಗುವಾಗ ಅಲ್ಲಿ ಯಾರು ತಾನೇ ಕೂರುತ್ತಾರೆ?

ಮೂರನೆಯ ವಾದ ಹೆಚ್ಚು ಕೇಳುವುದು: “ಅದೆಲ್ಲ ವಿದೇಶದ ಮಾತು, ಅಲ್ಲಿನ ಜನರ ಸಂಸ್ಕಾರವೇ ಬೇರೆ.” ನೆದರ್‌ಲ್ಯಾಂಡ್ಸ್ ಎಂದರೆ ಸೈಕಲ್ಲಿನ ನಾಡೆಂದು ಈಗ ಎಲ್ಲರೂ ಹೇಳುತ್ತಾರೆ. ಆದರೆ ಅವರೂ 1950–60ರ ದಶಕಗಳಲ್ಲಿ ಕಾರಿಗಾಗಿ ಊರುಗಳನ್ನು ಒಡೆದವರೇ. 1971ರ ಒಂದೇ ವರ್ಷ ಅಲ್ಲಿ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಯರು ಬೀದಿಗಿಳಿದರು. ತಮ್ಮ ಚಳವಳಿಗೆ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದೇ ಹೆಸರಿಟ್ಟರು. ಡೆಲ್ಫ್ಟ್ ಮೊದಲಾದ ಊರುಗಳಲ್ಲಿ ಮನೆಯ ಮುಂದಿನ ಬೀದಿಯನ್ನು ಬಾಗಿಸಿ, ಗಿಡ ನೆಟ್ಟು, ವಾಹನವು ನಡಿಗೆಯ ವೇಗಕ್ಕೆ ಇಳಿಯುವಂತೆ ಮಾಡಿದರು. ಸಂಸ್ಕಾರ ಮೊದಲು ಬರಲಿಲ್ಲ. ಬೀದಿ ಬದಲಾದ ಮೇಲೆ ಅಭ್ಯಾಸ ಬದಲಾಯಿತು.

ಇದು ಚಿಕ್ಕ ಊರಿನ ಮಾತಷ್ಟೇ ಎಂದು ಬೆಂಗಳೂರಿನಲ್ಲಿರುವ ನನ್ನ ಶಿಷ್ಯರು ತಿಳಿಯಬಾರದು. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಂದಿಗೂ ಅಡ್ಡರಸ್ತೆಗಳು ಸಾಲಾಗಿ ಕೂಡುತ್ತವೆ, ಗಾಂಧಿ ಬಜಾರಿಗೋ ಎಂಟನೇ ಕ್ರಾಸಿಗೋ ಚೀಲ ಹಿಡಿದು ನಡೆದು ಹೋಗುವವರು ಕಾಣುತ್ತಾರೆ. ಅದೇ ನಗರದ ಹೊರವಲಯದಲ್ಲಿ ಒಂದೇ ಗೇಟಿನ ಬಡಾವಣೆಯಲ್ಲಿರುವ ಅವರ ಮಕ್ಕಳು ಹಾಲಿಗೂ ಸ್ಕೂಟರ್ ತೆಗೆಯುತ್ತಾರೆ. ಒಂದೇ ಮನೆತನ, ಒಂದೇ ಸಂಸ್ಕಾರ, ಬೀದಿ ಮಾತ್ರ ಬೇರೆ. 2010ರ ದಶಕದಲ್ಲಿ ಟೆಂಡರ್ ಶ್ಯೂರ್ ಯೋಜನೆಯಡಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಅಗಲವಾದ ಫುಟ್‌ಪಾತ್ ಮಾಡಿದರು. ವೆಚ್ಚದ ಬಗ್ಗೆ ಟೀಕೆಗಳು ಬಂದವು, ಬರಲಿ. ಅಷ್ಟು ಜಾಗವನ್ನು ನಡೆಯುವವನಿಗೆ ಕೊಡಲು ಸಾಧ್ಯ ಎಂಬುದಂತೂ ಸಿದ್ಧವಾಯಿತು.

ನಮ್ಮ ಸರ್ಕಾರಗಳು ಪ್ರಯಾಣಕ್ಕಾಗಿ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 2006–07ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟರು. ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿದು ಬರುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಸೈಕಲ್ ಕೊಟ್ಟವರು ಅದು ಓಡುವ ದಾರಿ ಕೊಡಲಿಲ್ಲ. ಟಿಕೆಟ್ ಬಿಟ್ಟವರು ಮನೆಯಿಂದ ಬಸ್ ನಿಲ್ದಾಣದವರೆಗಿನ ಕತ್ತಲ ದಾರಿಗೆ ದೀಪ ಹಾಕಲಿಲ್ಲ. ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರು ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿಯೇ ಹೇಳಿದೆ. ಅಡೆತಡೆಯಿಲ್ಲದ ಫುಟ್‌ಪಾತ್ ನಾಗರಿಕನ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ಕಾಗದದ ಮೇಲೆ ನಮ್ಮ ಕಾಲಿಗೆ ಹಕ್ಕಿದೆ, ನೆಲದ ಮೇಲೆ ಜಾಗವಿಲ್ಲ.

ಜಾಗ ಕಿತ್ತುಕೊಂಡವರು ಯಾರು? ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಬೇಡಿ. ಕಾರು ಹತ್ತಿಸಲು ಮನೆಯ ಇಳಿಜಾರನ್ನು ಬೀದಿಯವರೆಗೆ ಚಾಚಿದವರು ನಾವು. ಫುಟ್‌ಪಾತಿನ ಮೇಲೆ ಜನರೇಟರ್ ಇಟ್ಟು, ಗಿಡ ನೆಟ್ಟು ಬೇಲಿ ಹಾಕಿದವರು ನಾವು. ಹಳೆಯ ಕಾಂಕ್ರೀಟಿನ ಮೇಲೆಯೇ ಹೊಸ ಕಾಂಕ್ರೀಟು ಸುರಿದು, ಬೀದಿಯ ಮಟ್ಟ ಜಗುಲಿಯ ಮಟ್ಟಕ್ಕೆ ಬಂದು, ಮಳೆನೀರು ಹೊಸ್ತಿಲು ದಾಟಿದಾಗಲೂ “ರಸ್ತೆ ಆಯಿತಲ್ಲ” ಎಂದು ಸಂತೋಷಪಟ್ಟವರೂ ನಾವೇ.

ಆದ್ದರಿಂದ ನನ್ನ ಕೋರಿಕೆಗಳು ದೊಡ್ಡವಲ್ಲ. ಬಡಾವಣೆಯ ನಕ್ಷೆ ಬರೆಯುವವರೇ, ಗೋಡೆ ಬೇಕೇ ಬೇಕೆನ್ನುವುದಾದರೆ ಅದರಲ್ಲಿ ಒಬ್ಬ ಮನುಷ್ಯ, ಒಂದು ಸೈಕಲ್, ಒಂದು ಗಾಲಿಕುರ್ಚಿ ಹೋಗುವಷ್ಟು ದಾರಿ ಬಿಡಿ. ರಸ್ತೆ ಮಾಡಿಸುವವರೇ, ಹೊಸ ಪದರ ಸುರಿಯುವ ಮೊದಲು ಹಳೆಯದನ್ನು ಕೆರೆದು ತೆಗೆಸಿ, ಚರಂಡಿಗೆ ಚಪ್ಪಡಿ ಮುಚ್ಚಿಸಿ, ಶಾಲೆಯ ಮುಂದೆ ವಾಹನದ ವೇಗ ತಾನಾಗಿಯೇ ಇಳಿಯುವಂತೆ ಕಟ್ಟಿಸಿ. ಪಂಚಾಯಿತಿಯಲ್ಲಿರುವವರೇ, ಊರೊಳಗಿನ ಸಂದಿಗಳನ್ನು ಯಾರೂ ಒತ್ತುವರಿ ಮಾಡದಂತೆ ಕಾಯಿರಿ, ಬಸ್ ನಿಲ್ದಾಣದ ದಾರಿಗೆ ಹೊಂಗೆ ಮರ ನೆಡಿ, ದೀಪ ಹಾಕಿಸಿ. ಮನೆ ಕಟ್ಟುವವರೇ, ನಿಮ್ಮ ಇಳಿಜಾರು ನಿಮ್ಮ ನಿವೇಶನದೊಳಗೇ ಇರಲಿ.

ಕೊನೆಗೆ ಒಂದು ತಪ್ಪೊಪ್ಪಿಗೆ. ನಾನು ಕೆಲಸದಲ್ಲಿದ್ದಾಗ ಒಬ್ಬ ಹುಡುಗನನ್ನು ಅವನ ತಂದೆ ದಿನವೂ ಮೊಪೆಡ್ಡಿನ ಮೇಲೆ ತಂದು ಬಿಡುತ್ತಿದ್ದರು. ಒಂದು ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಅವನನ್ನು ನಿಲ್ಲಿಸಿ, “ದೇವರು ಕಾಲು ಕೊಟ್ಟಿಲ್ಲವೇನೋ?” ಎಂದು ಕೇಳಿದ್ದೆ. ಮಕ್ಕಳೆಲ್ಲ ನಕ್ಕರು. ಅವನು ತಲೆ ತಗ್ಗಿಸಿದ. ಅವನ ಹಳ್ಳಿಯಿಂದ ಶಾಲೆಗೆ ಬರುವ ದಾರಿಯಲ್ಲಿ ಒಂದು ಕಿಲೋಮೀಟರು ಹೆದ್ದಾರಿಯ ಅಂಚಿನಲ್ಲೇ ಬರಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಆದರೆ ಅದನ್ನು ಕಾರಣವೆಂದು ನಾನು ಎಣಿಸಲೇ ಇಲ್ಲ. ಅವನು ಇದನ್ನು ಓದುತ್ತಿದ್ದರೆ, ಅಂದು ತಪ್ಪು ಅವನ ಕಾಲಿನದಾಗಿರಲಿಲ್ಲ, ಅದನ್ನು ಹೇಳಲು ಇಷ್ಟು ವರ್ಷ ತೆಗೆದುಕೊಂಡೆ, ಕ್ಷಮಿಸಬೇಕು.

ಮುಂದಿನ ಭಾನುವಾರ ಎರಡೂ ಬಡಾವಣೆಗಳ ನಿವಾಸಿಗಳ ಸಭೆಯಿದೆ. ಗೋಡೆಯಲ್ಲಿ ಐದು ಅಡಿಯ ಒಂದು ಬಾಗಿಲು ತೆರೆಯಬೇಕೆಂಬ ಅರ್ಜಿಯನ್ನು ನಾನೇ ಬರೆದಿದ್ದೇನೆ. ಕಳ್ಳರು ಬರುತ್ತಾರೆಂದು ಕೆಲವರು ಈಗಾಗಲೇ ತಕರಾರು ತೆಗೆದಿದ್ದಾರೆ. ಕಳ್ಳನಿಗೆ ಗೋಡೆ ಹಾರಲು ಬರುತ್ತದೆ, ಹತ್ತು ವರ್ಷದ ಹುಡುಗಿಗೆ ಬರುವುದಿಲ್ಲ ಎಂದು ಉತ್ತರ ಕೊಡಬೇಕೆಂದಿದ್ದೇನೆ. ಗೃಹಪ್ರವೇಶದಲ್ಲಿ ಸಿಕ್ಕಿದ ಆ ಎಂಜಿನಿಯರ್ ಶಿಷ್ಯನಿಗೂ ಬರಲು ಹೇಳಿದ್ದೇನೆ. ವಾಹನ ಬಿಟ್ಟು, ಹೆದ್ದಾರಿಯ ಕಡೆಯಿಂದ ನಡೆದುಕೊಂಡು ಬಾ ಎಂದಿದ್ದೇನೆ.